ಹಿಂದಿರುಗಬಲ್ಲವನೇ ದಾರಿ ತೋರಬಲ್ಲ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ವಿಂಡ್ ರಿವರ್ ಪರ್ವತಶ್ರೇಣಿಯ ಬುಡದಲ್ಲಿ, ಲ್ಯಾಂಡರ್ ಎಂಬ ಪುಟ್ಟ ಪಟ್ಟಣವಿದೆ. ಜನಸಂಖ್ಯೆ ಸುಮಾರು 7,500. ಆದರೂ ಕಾಡುಮೇಡುಗಳಲ್ಲಿ ಜನರನ್ನು ಮುನ್ನಡೆಸುವ ಮಾರ್ಗದರ್ಶಿಗಳಾಗಬಯಸುವ ತರುಣ ತರುಣಿಯರಿಗೆ ಈ ಊರು ಗುರುಕುಲವಿದ್ದಂತೆ. 1965ರಲ್ಲಿ ಪಾಲ್ ಪೆಟ್ಜೋಲ್ಟ್ ಎಂಬ ಪರ್ವತಾರೋಹಿ ನ್ಯಾಷನಲ್ ಔಟ್‌ಡೋರ್ ಲೀಡರ್‌ಶಿಪ್ ಸ್ಕೂಲನ್ನು ಸ್ಥಾಪಿಸಿದ್ದು ಇಲ್ಲಿಯೇ. 2005ರಲ್ಲಿ ಸ್ಥಾಪನೆಗೊಂಡು 2007ರಲ್ಲಿ ತನ್ನ ಮೊದಲ ವಿದ್ಯಾರ್ಥಿಗಳನ್ನು ಬರಮಾಡಿಕೊಂಡ ವಯೋಮಿಂಗ್ ಕ್ಯಾಥೊಲಿಕ್ ಕಾಲೇಜು ಇರುವುದೂ ಇಲ್ಲಿಯೇ. ಅರಿಸ್ಟಾಟಲ್ ಮತ್ತು ಸಂತ ಥಾಮಸ್ ಅಕ್ವಿನಾಸರನ್ನು ಓದಿಸುವ ಈ ಕಾಲೇಜು, ಹೊಸದಾಗಿ ಸೇರಿದವರನ್ನು ತರಗತಿಗಿಂತ ಮೊದಲು 21 ದಿನಗಳ ಕಾಲ ಬೆಟ್ಟಗಾಡಿಗೆ ಕರೆದೊಯ್ಯುತ್ತದೆ.

ತತ್ವಶಾಸ್ತ್ರ ಕಲಿಯಬಂದವರಿಗೆ ಬೆಟ್ಟದಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ಮಾರ್ಗದರ್ಶಿಗೆ ಬೇಕಾದದ್ದು ಗಟ್ಟಿ ಕಾಲು ಮತ್ತು ಗಟ್ಟಿ ಗುಂಡಿಗೆ ಎಂಬುದೇ ಸಾಮಾನ್ಯರ ಅಭಿಪ್ರಾಯ. ಆದರೆ ಇಂತಹ ತರಬೇತಿಯಲ್ಲಿ ತೊಡಗಿದ ವಿದ್ಯಾರ್ಥಿಯ ಒಂದು ವಾರವನ್ನು ಗಮನಿಸಿದರೆ, ಅಲ್ಲಿ ಸಾಹಸಕ್ಕಿಂತ ಮಿಗಿಲಾಗಿ ವಿವೇಕವನ್ನೇ ಕಲಿಸಲಾಗುತ್ತದೆ ಎಂಬುದು ಮನದಟ್ಟಾಗುತ್ತದೆ.

ಮೊದಲಿಗೆ ನಕ್ಷೆ ಮತ್ತು ದಿಕ್ಸೂಚಿ. ದಿಕ್ಸೂಚಿಯ ಮುಳ್ಳು ಉತ್ತರವನ್ನು ತೋರುತ್ತದೆಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದು ತೋರುವುದು ಕಾಂತೀಯ ಉತ್ತರವನ್ನು. ನಕ್ಷೆಯ ಉತ್ತರ ಅದಕ್ಕಿಂತ ಬೇರೆ. ವಯೋಮಿಂಗ್‌ನಲ್ಲಿ ಇವೆರಡರ ಅಂತರ ಸುಮಾರು 10 ಡಿಗ್ರಿ. ಒಂದೇ ಡಿಗ್ರಿ ತಪ್ಪಿದರೂ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಸುಮಾರು 17 ಮೀಟರ್‌ನಷ್ಟು ದಾರಿ ತಪ್ಪಿರುತ್ತದೆ. ಕೈಯಲ್ಲಿರುವ ಉಪಕರಣ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳಿದ್ದನ್ನು ತಿದ್ದಿ ಓದಿಕೊಳ್ಳುವ ಜಾಣ್ಮೆ ಮನುಷ್ಯನಲ್ಲಿರಬೇಕು.

ಅನಂತರ ಹೊಳೆ ಮತ್ತು ಸಿಡಿಲಿನ ಪಾಠ. ಹಿಮ ಕರಗಿ ಹರಿಯುವ ಹೊಳೆಗಳಲ್ಲಿ ಮುಂಜಾನೆ ನೀರು ಕಡಿಮೆ, ಬಿಸಿಲೇರಿದಂತೆ ಹೆಚ್ಚು. ಆದ್ದರಿಂದ ದಾಟುವುದಿದ್ದರೆ ಬೆಳಿಗ್ಗೆಯೇ ದಾಟಬೇಕು. ದಾಟುವ ಮುನ್ನ ಬೆನ್ನಚೀಲದ ಸೊಂಟಪಟ್ಟಿಯನ್ನು ಬಿಚ್ಚಿಕೊಳ್ಳಬೇಕು. ಕಾಲು ಜಾರಿದರೆ ಚೀಲ ಹೋದರೂ ಜೀವ ಉಳಿಯಬೇಕು. ಬೇಸಿಗೆಯಲ್ಲಿ ಗುಡುಗು ಸಿಡಿಲು ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ. ಆದ್ದರಿಂದ ಅಷ್ಟರೊಳಗೆ ಶಿಖರದಿಂದ ಇಳಿದಿರಬೇಕು.

ಪ್ರಥಮ ಚಿಕಿತ್ಸೆಯ ಪಾಠ ಇನ್ನೂ ವಿಚಾರಾರ್ಹ. ಸಹಪಾಠಿಯೊಬ್ಬನು ಕೃತಕ ರಕ್ತ ಬಳಿದುಕೊಂಡು, ಗಾಯಗೊಂಡವನಂತೆ ಬಂಡೆಯ ಬಳಿ ನರಳುತ್ತಾ ಬಿದ್ದಿರುತ್ತಾನೆ. ಕಂಡೊಡನೆ ಓಡಿಹೋಗುವುದು ಮನುಷ್ಯ ಸಹಜ. ಆದರೆ ಶಿಕ್ಷಕರು ಕಲಿಸುವ ಮೊದಲ ನಿಯಮವೆಂದರೆ ನಿಲ್ಲು, ಸುತ್ತ ನೋಡು ಎಂಬುದು. ಅವನ ಮೇಲೆ ಉರುಳಿದ ಕಲ್ಲು ಇನ್ನೂ ಉರುಳುತ್ತಿದೆಯೇ? ನೆರವಿಗೆ ಧಾವಿಸಿದವನೂ ಬಿದ್ದರೆ ಕಾಡಿನಲ್ಲಿ ಇಬ್ಬರನ್ನು ಹೊರುವವರಾರು? ಸ್ಥಳ ಸುರಕ್ಷಿತವೆಂದು ಖಚಿತವಾದ ಮೇಲಷ್ಟೇ ಉಸಿರಾಟ, ರಕ್ತಸ್ರಾವಗಳ ಪರೀಕ್ಷೆ. ಪ್ರೀತಿಗೂ ಕಣ್ಣಿರಬೇಕೆಂಬುದು ಇದರ ತಾತ್ಪರ್ಯ.

ಈ ಎಲ್ಲ ಪಾಠಗಳ ಪರೀಕ್ಷೆ ನಡೆಯುವುದು ವಿದ್ಯಾರ್ಥಿಗೆ ಒಂದು ದಿನದ ನಾಯಕತ್ವವನ್ನು ಒಪ್ಪಿಸಿದಾಗ. ಆ ದಿನ ಶಿಕ್ಷಕರು ಹಿಂದೆ ಮೌನವಾಗಿ ನಡೆಯುತ್ತಾರೆ. ಶಿಖರ ಇನ್ನು ಅರ್ಧ ಗಂಟೆಯ ಏರು ಎಂದುಕೊಳ್ಳೋಣ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದೆ. ಬಲಿಷ್ಠರಾದ ಇಬ್ಬರು ಬೇಗ ಬೇಗ ಎಂದು ಒತ್ತಾಯಿಸುತ್ತಿದ್ದಾರೆ. ಹಿಂದೆ ಬಿದ್ದ ಒಬ್ಬಾಕೆ ಹಿಮ್ಮಡಿಯಲ್ಲಿ ಎದ್ದಿರುವ ಬೊಬ್ಬೆಯನ್ನು ನಾಚಿಕೆಯಿಂದ ಯಾರಿಗೂ ಹೇಳಿಲ್ಲ. ಈಗ ನಾಯಕನು ಏನು ಮಾಡಬೇಕು? ಮುಂದೆ ನಡೆದರೆ ಚಪ್ಪಾಳೆ, ಹಿಂದಿರುಗಿದರೆ ಗೊಣಗಾಟ. ಆದರೂ ನಾಯಕನು ತಂಡವನ್ನು ನಿಲ್ಲಿಸಿ, ಬೊಬ್ಬೆಗೆ ಪಟ್ಟಿ ಕಟ್ಟಿಸಿ, ನಿಧಾನವಾಗಿ ನಡೆಯುವವಳನ್ನು ಮುಂದೆ ಬಿಟ್ಟು ಅವಳ ಹೆಜ್ಜೆಯ ಅಳತೆಗೆ ಎಲ್ಲರನ್ನೂ ಇಳಿಸಿಕೊಂಡು ಬಂದನೆಂದರೆ, ಅಂದು ಅವನು ಮಾರ್ಗದರ್ಶಿಯಾದನೆಂದೇ ಅರ್ಥ.

ಸಂತ ಥಾಮಸ್ ಅಕ್ವಿನಾಸರು ವಿವೇಕವನ್ನು ಕಾರ್ಯರಂಗದಲ್ಲಿ ನಡೆದುಕೊಳ್ಳುವ ಸರಿಯಾದ ಬುದ್ಧಿ ಎಂದು ವಿವರಿಸುತ್ತಾರೆ. ಅದರ ಅಂಗಗಳಲ್ಲಿ ಅವರು ನೆನಪು, ಮುಂದಾಲೋಚನೆ, ಸುತ್ತಲಿನ ಸನ್ನಿವೇಶದ ಅರಿವು, ಎಚ್ಚರಿಕೆ ಇವುಗಳ ಜೊತೆಗೆ ಇತರರಿಂದ ಕಲಿಯುವ ವಿನಯವನ್ನೂ ಸೇರಿಸಿದ್ದಾರೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ವಿವೇಕವನ್ನು ಸದ್ಗುಣಗಳ ಸಾರಥಿ ಎಂದು ಗುರುತಿಸುತ್ತದೆ. ಧೈರ್ಯವೆಂಬ ಕುದುರೆ ಎಷ್ಟು ಬಲಶಾಲಿಯಾದರೇನು, ಸಾರಥಿಯಿಲ್ಲದ ರಥ ಹಳ್ಳಕ್ಕೇ ಬೀಳುತ್ತದೆ. ವಿವೇಕವು ಹೇಡಿತನಕ್ಕೆ ಇಟ್ಟ ಸಭ್ಯ ಹೆಸರೆಂದು ತಿಳಿಯುವವರಿದ್ದಾರೆ. ಶಿಖರ ಕಣ್ಣೆದುರಿಗಿರುವಾಗ ಗೆಳೆಯರ ಮೂದಲಿಕೆಯನ್ನು ಸಹಿಸಿ ಹಿಂದಿರುಗಲು ಎಷ್ಟು ಧೈರ್ಯ ಬೇಕೆಂಬುದನ್ನು ಅವರು ಯೋಚಿಸಬೇಕು.

ಪವಿತ್ರ ಗ್ರಂಥದಲ್ಲಿಯೂ ಇಂತಹ ಒಬ್ಬ ಮಾರ್ಗದರ್ಶಿ ಇದ್ದಾನೆ. ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಯಕೋಬನು ಬಹುಕಾಲದ ಮೇಲೆ ಅಣ್ಣ ಏಸಾವನನ್ನು ಸಂಧಿಸುತ್ತಾನೆ. ಜೊತೆಯಾಗಿ ಹೋಗೋಣವೆಂದು ಏಸಾವನು ಕರೆಯುತ್ತಾನೆ. ಆದರೆ ಯಕೋಬನು ಮಕ್ಕಳು ಎಳೆಯರು, ಮಂದೆಯಲ್ಲಿ ಹಾಲೂಡುವ ಕುರಿಗಳಿವೆ, ಒಂದೇ ದಿನ ಬಲವಂತವಾಗಿ ಓಡಿಸಿದರೂ ಮಂದೆಯೆಲ್ಲ ಸತ್ತುಹೋದೀತು ಎಂದು ತಿಳಿಸಿ, ಅಣ್ಣನನ್ನು ಮುಂದೆ ಕಳುಹಿಸುತ್ತಾನೆ. ತಾನು ಮಂದೆಯ ಮತ್ತು ಮಕ್ಕಳ ನಡಿಗೆಗೆ ತಕ್ಕಂತೆ ನಿಧಾನವಾಗಿ ಬರುವೆನೆನ್ನುತ್ತಾನೆ. ತಂದೆಯಾದವನು ಹೇಗೆ ನಡೆಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

ಪ್ರಿಯ ತಂದೆತಾಯಂದಿರೇ, ಲ್ಯಾಂಡರ್ ನಮಗೆ ಬಹುದೂರ. ಆದರೆ ಪ್ರತಿಯೊಂದು ಕುಟುಂಬವೂ ಒಂದು ಯಾತ್ರಾತಂಡ. ನೀವು ಅದರ ಮಾರ್ಗದರ್ಶಿಗಳು. ಪಿಯುಸಿ, ಸಿಇಟಿ, ನೀಟ್ ಎಂಬ ಶಿಖರಗಳತ್ತ ನಮ್ಮ ಮಕ್ಕಳನ್ನು ನಡೆಸುವಾಗ ನಾವು ಯಾರ ಹೆಜ್ಜೆಯನ್ನು ಅಳತೆಯಾಗಿ ಇಟ್ಟುಕೊಂಡಿದ್ದೇವೆ? ಪಕ್ಕದ ಮನೆಯ ಹುಡುಗನದೋ, ನಮ್ಮ ಮಗುವಿನದೋ? ಬೊಬ್ಬೆ ಎದ್ದ ಹಿಮ್ಮಡಿಯನ್ನು ಮುಚ್ಚಿಟ್ಟುಕೊಂಡು ನಗುಮುಖದಿಂದ ನಡೆಯುವ ಮಗ ಅಥವಾ ಮಗಳು ನಮ್ಮ ಮನೆಯಲ್ಲಿಯೂ ಇರಬಹುದು. ಫಲಿತಾಂಶ ಬಂದ ದಿನ ಮನೆಗೆ ಮರಳಲು ಹೆದರುವ ಮಕ್ಕಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುವಾಗ ನಮ್ಮ ಕರುಳು ಚುರುಕ್ಕೆನ್ನುತ್ತದೆ. ಒಂದು ವರ್ಷ ತಡವಾದರೆ, ಹಿಡಿದ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿದರೆ ಜೀವನ ಮುಗಿಯುವುದಿಲ್ಲ. ಬೆಟ್ಟ ನಾಳೆಯೂ ಅಲ್ಲೇ ಇರುತ್ತದೆ, ಮಗುವೂ ಇರಬೇಕು.

ಸ್ವತಃ ಪರ್ವತಾರೋಹಿಯಾಗಿದ್ದ ಪೋಪ್ ಹನ್ನೊಂದನೆಯ ಪಯಸ್‌ರವರು 1923ರಲ್ಲಿ ಮೆಂತೋನಿನ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಘೋಷಿಸಿದರು. ಆ ಸಂತರ ಹೆಸರು ಉಳಿದಿರುವುದು ಅವರು ಏರಿದ ಶಿಖರಗಳಿಂದಲ್ಲ. ಸುಮಾರು 2,470 ಮೀಟರ್ ಎತ್ತರದ ಆಲ್ಪ್ಸ್ ಕಣಿವೆದಾರಿಯಲ್ಲಿ, ಹಿಮದಲ್ಲಿ ಸಿಲುಕಿದ ಪ್ರಯಾಣಿಕರಿಗಾಗಿ ಅವರು ಆಶ್ರಯಧಾಮವನ್ನು ಕಟ್ಟಿದರು. ದಣಿದವರಿಗೆ ಅದರ ಬಾಗಿಲು ತೆರೆದಿತ್ತು.

ನಮ್ಮ ಮನೆಗಳೂ ಅಂತಹ ಆಶ್ರಯಧಾಮಗಳಾಗಲಿ. ಈ ಭಾನುವಾರ ದಿವ್ಯ ಬಲಿಪೂಜೆಯನ್ನು ಮುಗಿಸಿ ಮನೆಯತ್ತ ಹೊರಟಾಗ, ಯಾರು ಹಿಂದೆ ಉಳಿದಿದ್ದಾರೆಂದು ಒಮ್ಮೆ ತಿರುಗಿ ನೋಡಿ, ಅವರ ಜೊತೆ ನಡೆಯಿರಿ.