ಪರದೆಯ ಅಂಚಿನಲ್ಲಿ ನಿಂತವರು

ಸವದತ್ತಿಯ ಎಲ್ಲಮ್ಮನ ಗುಡ್ಡ ಇಳಿದು ಬಂದವರ ಹಣೆಯ ಮೇಲೆ ಭಂಡಾರ ಇನ್ನೂ ಆರಿಲ್ಲ. ಬನದ ಹುಣ್ಣಿಮೆಯ ಚಳಿಗೆ ಕಂಬಳಿ ಹೊದ್ದು, ನಿದ್ದೆಗಣ್ಣಿನ ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಶೇಂಗಾ ಸುಲಿದ ಸಿಪ್ಪೆಯನ್ನು ಅಲ್ಲೇ ಉದುರಿಸುತ್ತ ತಗಡಿನ ಥೇಟರಿನಲ್ಲಿ ಕೂತಿದ್ದಾರೆ. ಹಾರ್ಮೋನಿಯಂ ಸುರ ಹಿಡಿದಿದೆ. ಬನ್ನಿ, ಮುಂದಿನ ಕುರ್ಚಿಗೆ ಹೋಗುವುದು ಬೇಡ. ಸೈಡ್ ವಿಂಗಿನ ಕತ್ತಲಲ್ಲಿ ನಾಟಕ ಕಂಪನಿಯ ಮಾಲಕರು ನಿಂತಿದ್ದಾರಲ್ಲ, ಅವರ ಪಕ್ಕದಲ್ಲಿ ನಿಲ್ಲೋಣ.

ಅವರ ಕಣ್ಣು ನಟರ ಮೇಲಿಲ್ಲ. ಪರದೆಯನ್ನು ಎರಡು ಬೆರಳಷ್ಟು ಸರಿಸಿ ಮಂದಿಯನ್ನು ನೋಡುತ್ತಿದ್ದಾರೆ. ಹಿಂದೆ ಹುಡುಗರು ಸಪ್ಪಳ ಮಾಡದೆ ಅರಮನೆಯ ಸೀನು ಕಟ್ಟುತ್ತಿದ್ದಾರೆ. ಅಷ್ಟರವರೆಗೆ ಬೀದಿಯ ಪರದೆ ಬಿಟ್ಟು, ಅದರ ಮುಂದೆ ಹಾಸ್ಯದ ಜೋಡಿಯನ್ನು ಕಳಿಸಿದ್ದಾರೆ. ನಗೆ ಮೊದಲು ಎದ್ದದ್ದು ಕುರ್ಚಿಯಿಂದಲೋ, ನೆಲದಿಂದಲೋ, ಹೆಂಗಸರ ಕಡೆಯಿಂದಲೋ? ಶೇಂಗಾ ಒಡೆಯುವ ಸಪ್ಪಳ ನಿಂತಿತೋ? ಒನ್ಸ್ ಮೋರ್ ಎಂಬ ಕೂಗು ಬಿದ್ದರೆ ಹಾಡು ಮತ್ತೆ ಮೊದಲಿಂದ. ನಾಲ್ಕು ಮಂದಿ ಚಹಾಕ್ಕೆಂದು ಎದ್ದರೆ ಆ ಮಾತಿಗೆ ನಾಳೆ ಕತ್ತರಿ.

ದೂರದ ಅಮೆರಿಕದ ವಾಡೆವಿಲ್ ಥೇಟರುಗಳಲ್ಲೂ ಹೀಗೆಯೇ ನಡೆಯುತ್ತಿತ್ತು. ಹಾಡು, ಕಸರತ್ತು, ಜಾದೂ, ಪಳಗಿದ ನಾಯಿಗಳ ಆಟ, ಒಂದರ ಬೆನ್ನಿಗೊಂದು. ಇಂಥ ಥೇಟರುಗಳನ್ನು ನಡೆಸುತ್ತಿದ್ದ ಕೀತ್ ಕಂಪನಿಯ ಮ್ಯಾನೇಜರುಗಳು ಸೋಮವಾರದ ಮೊದಲ ಆಟ ನೋಡಿ ಪ್ರತಿಯೊಂದಕ್ಕೂ ಷರಾ ಬರೆಯುತ್ತಿದ್ದರು: ಎಷ್ಟು ನಿಮಿಷ ಹಿಡಿಯಿತು, ಪೂರ್ತಿ ರಂಗ ಬೇಕೋ ಮುಂಪರದೆಯ ಎದುರಿನ ಜಾಗ ಸಾಕೋ, ಚಪ್ಪಾಳೆ ಹೇಗಿತ್ತು. ಅಲ್ಲಿಯೂ ಹಿಂದೆ ಸೀನು ಬದಲಾಗುವಾಗ ಮುಂದೆ ನಗಿಸುವವರು ನಿಲ್ಲುತ್ತಿದ್ದುದುಂಟು. 1902ರಿಂದ 1923ರವರೆಗಿನ ಆ ಷರಾಗಳು ಅಯೋವಾ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಇವೆ.

ನಮ್ಮ ಮಾಲಕರ ಲೆಕ್ಕ ಮಾತ್ರ ತಲೆಯಲ್ಲೇ, ಅದೂ ಊರಿಗೊಂದು ಬಗೆ. ಬೈಲಹೊಂಗಲದ ಮಂದಿಯನ್ನು ಮೆಚ್ಚಿಸುವುದು ಸುಲಭವಲ್ಲ. 'ಸಂಗ್ಯಾ ಬಾಳ್ಯಾ'ದ ಕಥೆ ನಡೆದ ಊರದು. ಪತ್ತಾರ ಮಾಸ್ತರರು ಕಟ್ಟಿದ ಆ ಸಣ್ಣಾಟ ಕೇಳಿ ಪಳಗಿದ ಕಿವಿಗಳು, ಪದ ಸಡಿಲಾದರೆ ಸುಮ್ಮನಿರುವುದಿಲ್ಲ. ಕಿತ್ತೂರಿನಲ್ಲಿ ಚನ್ನಮ್ಮನ ಹೆಸರು ಬಂದೊಡನೆ 1824ರ ಗೆಲುವು ನಿನ್ನೆಯದೆಂಬಂತೆ ಎದೆ ಉಬ್ಬುತ್ತದೆ. ರಾಮದುರ್ಗದ ನೇಕಾರರು ಹಗಲೆಲ್ಲ ಮಗ್ಗದ ಮುಂದೆ ಕೂತು ದಣಿದು ಬಂದವರು, ಅವರಿಗೆ ಮೊದಲು ನಗೆ ಬೇಕು.

ಹೀಗೆ ಮಂದಿಯನ್ನು ಅರಿತ ಮಾಲಕರಲ್ಲಿ ಏಣಗಿ ಬಾಳಪ್ಪನವರೂ ಒಬ್ಬರು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಅವರು ಹರೆಯದಲ್ಲಿ ಹೆಣ್ಣುಪಾತ್ರ ಮಾಡಿ ಮಂದಿಯ ಮನ ಗೆದ್ದರು, ಆಮೇಲೆ ಕಲಾವೈಭವ ನಾಟ್ಯ ಸಂಘದ ಮಾಲಕರಾಗಿ 'ಜಗಜ್ಯೋತಿ ಬಸವೇಶ್ವರ' ಆಡಿಸಿದರು. ಮಂದಿಯ ಮುಂದೆ ಹಾಡಿ ಗೆದ್ದವನಿಗೇ ಮಂದಿಯ ನಾಡಿ ಸಿಗುತ್ತದೆ ಎಂದು ನನ್ನ ನಂಬಿಕೆ. 2017ರಲ್ಲಿ ಬಾಳಪ್ಪನವರು ತೀರಿಕೊಂಡರು. ನಿಮ್ಮೂರಲ್ಲಿ ಕಂಪನಿಯ ಗೇಟು ಕಾದವರು, ಪರದೆ ಎಳೆದವರು, ಪೆಟ್ಟಿಗೆ ನುಡಿಸಿದವರು ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಕೇಳಿ, ಯಾವ ಊರಲ್ಲಿ ಯಾವ ಹಾಡು ಗೆದ್ದಿತು, ಯಾವುದು ಬಿದ್ದಿತು ಎಂದು ಬರೆದಿಟ್ಟುಕೊಳ್ಳಿ.