ಚಾರ್ಜರ್ ಕೆಟ್ಟು ನಿಂತರೆ ಕೇಳುವವರು ಯಾರು?

ಹೈದರಾಬಾದಿನಲ್ಲಿ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡ ನಾಲ್ಕು ಜನ ಸೇರಿದರೆ ರೇಂಜಿನ ಮಾತು ಬೇಗ ಮುಗಿಯುತ್ತದೆ, ಚಾರ್ಜರಿನ ಮಾತು ಮುಗಿಯುವುದಿಲ್ಲ. ಕೇಬಲ್ ತುದಿಯ ಗನ್ ಕಾರಿಗೆ ಸಿಕ್ಕಿಸಿದರೂ ಲಾಕ್ ಆಗದು. ಪರದೆಯ ಮೇಲೆ ‘ಕನೆಕ್ಟಿಂಗ್’ ಅಂತ ಬಂದದ್ದು ಅಲ್ಲೇ ನಿಂತಿರುತ್ತದೆ. ವಾಲೆಟ್‌ನಿಂದ ದುಡ್ಡು ಹೋಗಿರುತ್ತದೆ, ಬ್ಯಾಟರಿಗೆ ಒಂದು ಯೂನಿಟ್ಟೂ ಸೇರಿರುವುದಿಲ್ಲ. ಬೀದರ್, ಕಲಬುರಗಿ ಕಡೆಯಿಂದ ಜಹೀರಾಬಾದ್ ದಾಟಿ ಬರುವವರಿಗೂ, ಬೆಂಗಳೂರಿನಿಂದ ಅನಂತಪುರ, ಕರ್ನೂಲು ಹಾದು ಸುಮಾರು 570 ಕಿಲೋಮೀಟರ್ ಓಡಿಸಿಕೊಂಡು ಬರುವವರಿಗೂ ಇದು ಹೊಸದಲ್ಲ. ಇಂಥ ಹೊತ್ತಿನಲ್ಲಿ ಯಾರನ್ನು ಬೈಯಬೇಕು ಎಂಬ ವಿಷಯದಲ್ಲಿ ಮಾತ್ರ ಎಲ್ಲರಿಗೂ ಖಚಿತ ಅಭಿಪ್ರಾಯಗಳಿವೆ. ಅವುಗಳಲ್ಲಿ ಬಹುಪಾಲು ತಪ್ಪು.

‘ಇದು ಕರೆಂಟ್ ಆಫೀಸಿನವರ ಕೆಲಸ’

ಯಂತ್ರದಲ್ಲಿ ಹರಿಯುವುದು ಕರೆಂಟು, ಹಾಗಾಗಿ ಜವಾಬ್ದಾರಿಯೂ ವಿದ್ಯುತ್ ಕಂಪನಿಯದೇ ಎಂದು ಅನೇಕರು 1912ಕ್ಕೆ ಫೋನ್ ಹಚ್ಚುತ್ತಾರೆ. ಹೈದರಾಬಾದಿಗೆ ವಿದ್ಯುತ್ ಕೊಡುವ ಟಿಜಿಎಸ್‌ಪಿಡಿಸಿಎಲ್‌ನ ಕೇಂದ್ರ ಕಚೇರಿ ಮಿಂಟ್ ಕಾಂಪೌಂಡ್‌ನಲ್ಲಿದೆ. ಅಲ್ಲಿನವರು ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯೇ, ಫ್ಯೂಸ್ ಹೋಗಿದೆಯೇ ಎಂದು ನೋಡಬಲ್ಲರು. ಮೀಟರಿನಿಂದ ಆಚೆಗಿನ ಚಾರ್ಜರ್ ಅವರದಲ್ಲ. ವಿದ್ಯುತ್ ಕಂಪನಿಯ ಲೆಕ್ಕದಲ್ಲಿ ಚಾರ್ಜಿಂಗ್ ಸ್ಟೇಷನ್ ಕೂಡ ಅಕ್ಕಿ ಗಿರಣಿಯಂತೆ ಒಬ್ಬ ಗ್ರಾಹಕ, ಅಷ್ಟೇ.

ಇದರ ಮೂಲ 2018ರ ಏಪ್ರಿಲ್ 13ರ ಒಂದು ಸ್ಪಷ್ಟೀಕರಣದಲ್ಲಿದೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ವಿದ್ಯುತ್ ವಿತರಿಸಲು, ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಹಾಗಾದರೆ ಕಾರು ಚಾರ್ಜ್ ಮಾಡಿ ದುಡ್ಡು ತೆಗೆದುಕೊಳ್ಳುವವನಿಗೂ ಬೇಕೇ? ಬೇಡ ಎಂದಿತು ಕೇಂದ್ರ ಇಂಧನ ಸಚಿವಾಲಯ. ಚಾರ್ಜ್ ಆಗುವಾಗ ವಿದ್ಯುತ್ತು ಬ್ಯಾಟರಿಯಲ್ಲಿ ರಾಸಾಯನಿಕ ಶಕ್ತಿಯಾಗಿ ಮಾರ್ಪಟ್ಟು ಸಂಗ್ರಹವಾಗುತ್ತದೆ. ಅಲ್ಲಿ ನಡೆಯುವುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂಬುದು ಅದರ ವಾದ. ತರ್ಕ ಸ್ವಲ್ಪ ವಕೀಲಿಕೆಯದು ಅನಿಸಿದರೂ ಫಲ ದೊಡ್ಡದು. ಪೆಟ್ರೋಲ್ ಬಂಕು, ಮಾಲು, ಹೋಟೆಲು, ಅಪಾರ್ಟ್‌ಮೆಂಟು, ಯಾರು ಬೇಕಾದರೂ ಲೈಸೆನ್ಸ್ ಗೊಡವೆಯಿಲ್ಲದೆ ಚಾರ್ಜರ್ ಇಡಬಹುದಾಯಿತು. ಅದೇ ವರ್ಷ ಹೈದರಾಬಾದ್ ಮೆಟ್ರೋದ ಮಿಯಾಪುರ ಮತ್ತು ಬಾಲಾನಗರ ನಿಲ್ದಾಣಗಳಲ್ಲಿ ಪವರ್‌ಗ್ರಿಡ್ ಸಂಸ್ಥೆ ಚಾರ್ಜಿಂಗ್ ಕೇಂದ್ರ ತೆರೆಯಿತು.

ಆದರೆ ಲೈಸೆನ್ಸಿನ ಜೊತೆ ಇನ್ನೊಂದೂ ಹೋಯಿತು. ವಿದ್ಯುತ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಸೇವಾ ಗುಣಮಟ್ಟ ನಿಗದಿ ಮಾಡಬಹುದು, ಅದನ್ನು ಮುಟ್ಟದವರಿಂದ ಗ್ರಾಹಕನಿಗೆ ಪರಿಹಾರ ಕೊಡಿಸಬಹುದು. ಈ ಸೆಕ್ಷನ್ ಅನ್ವಯಿಸುವುದು ಲೈಸೆನ್ಸ್ ಇರುವವರಿಗೆ ಮಾತ್ರ. ಮನೆಯ ಕರೆಂಟು ಗಂಟೆಗಟ್ಟಲೆ ಹೋದರೆ ತೆಲಂಗಾಣದ ಆಯೋಗ ಟಿಜಿಎಸ್‌ಪಿಡಿಸಿಎಲ್‌ ಅನ್ನು ಕೇಳಬಲ್ಲದು. ಗಚ್ಚಿಬೌಲಿಯ ಚಾರ್ಜರ್ ತಿಂಗಳುಗಟ್ಟಲೆ ಮಲಗಿದರೆ ಅದರ ಮಾಲೀಕನನ್ನು ಈ ಸೆಕ್ಷನ್ ಹಿಡಿದು ಕೇಳಲಾರದು.

‘ಸರ್ಕಾರ ನಿಯಮ ಮಾಡಿದೆಯಲ್ಲ!’

ಮಾಡಿದೆ, ಧಾರಾಳವಾಗಿಯೇ ಮಾಡಿದೆ. 2018ರ ಡಿಸೆಂಬರ್ 14ರಂದು ಕೇಂದ್ರದ ಮೊದಲ ಮಾರ್ಗಸೂಚಿ ಬಂತು. ನಗರದಲ್ಲಿ ಪ್ರತಿ 3 ಕಿಲೋಮೀಟರ್ ಉದ್ದಗಲದ ಚೌಕಕ್ಕೊಂದು ಕೇಂದ್ರ, ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರಿಗೊಂದು ಎಂಬ ಗುರಿ ಇಟ್ಟಿತು. 2022ರ ಜನವರಿಯ ಪರಿಷ್ಕೃತ ಮಾರ್ಗಸೂಚಿ, ಸರ್ಕಾರಿ ಜಾಗವನ್ನು ಯೂನಿಟ್ಟಿಗೆ 1 ರೂಪಾಯಿ ಆದಾಯ ಹಂಚಿಕೆಯ ಮೇಲೆ ಕೊಡಬಹುದು ಎಂದಿತು. ವಿದ್ಯುತ್ ಸಂಪರ್ಕ ಇಷ್ಟು ದಿನದೊಳಗೆ ಕೊಡಬೇಕು, ದರ ಇಷ್ಟನ್ನು ಮೀರಬಾರದು ಎಂಬುದೂ ಬಂತು. ತೆಲಂಗಾಣ 2020ರ ಅಕ್ಟೋಬರ್ 30ರಂದು ತನ್ನದೇ ನೀತಿ ತಂದು, ಚಾರ್ಜಿಂಗ್ ವಿಷಯಕ್ಕೆ ಈಗ ಟಿಜಿರೆಡ್ಕೊ ಎನಿಸಿಕೊಂಡ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆಯನ್ನು ನೋಡಲ್ ಏಜೆನ್ಸಿ ಮಾಡಿತು. 2024ರ ನವೆಂಬರ್‌ನಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿತು.

ಒಂದೊಂದೂ ಒಳ್ಳೆಯ ಕ್ರಮವೇ. ಆದರೆ ಇವೆಲ್ಲ ಕೇಂದ್ರ ತೆರೆಯುವ ತನಕದ ಮಾತು. ತೆರೆದ ಮೇಲೆ ವರ್ಷದಲ್ಲಿ ಇಷ್ಟು ಗಂಟೆ ನಡೆಯಲೇಬೇಕು, ನಡೆಯದಿದ್ದರೆ ಇಷ್ಟು ದಂಡ ಎಂದು ದೇಶದ ಎಲ್ಲ ಸಾರ್ವಜನಿಕ ಚಾರ್ಜರ್‌ಗಳಿಗೂ ಅನ್ವಯಿಸುವ ಕಾನೂನು ಇಲ್ಲ. ಸಬ್ಸಿಡಿಯ, ಟೆಂಡರಿನ ಕರಾರುಗಳಲ್ಲಿ ಅಂಥ ಷರತ್ತು ಇರಬಹುದು. ಅದು ಕರಾರಿಗೆ ಸಹಿ ಹಾಕಿದ ಇಬ್ಬರ ನಡುವಿನ ವಿಷಯ. ಮಳೆಯಲ್ಲಿ ಗನ್ ಹಿಡಿದು ನಿಂತವನು ಅದರಲ್ಲಿ ಪಕ್ಷಗಾರನಲ್ಲ.

ಅಂಕಿಅಂಶ ನೋಡಿದರೂ ಇದೇ ಕಥೆ. ಎಲೆಕ್ಟ್ರಿಕ್ ವಾಹನಗಳಿಗೆ ಕೇಂದ್ರ ತಂದ ಫೇಮ್-2 ಸಬ್ಸಿಡಿ ಯೋಜನೆಯಲ್ಲಿ 2023ರ ಮಾರ್ಚ್‌ನಲ್ಲಿ ಮೂರು ತೈಲ ಕಂಪನಿಗಳಿಗೆ 7,432 ಫಾಸ್ಟ್ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರಾಯಿತು. ಅದರ ನಂತರದ ಯೋಜನೆಯಾದ ಪಿಎಂ ಇ-ಡ್ರೈವ್‌ನಲ್ಲಿ ಸುಮಾರು 72,300 ಚಾರ್ಜರ್‌ಗಳಿಗೆ 2,000 ಕೋಟಿ ಮೀಸಲಾಯಿತು. ಕರ್ನಾಟಕ 5,765 ಕೇಂದ್ರಗಳೊಂದಿಗೆ ದೇಶಕ್ಕೇ ಮೊದಲು ಎಂದು 2024ರ ಕೊನೆಯ ಹೊತ್ತಿಗೆ ನಾವೂ ಹೆಮ್ಮೆಪಟ್ಟುಕೊಂಡೆವು. ಈ ಸಂಖ್ಯೆ ಎಷ್ಟು ಪೆಟ್ಟಿಗೆ ನಿಲ್ಲಿಸಲಾಗಿದೆ ಎಂದು ಹೇಳುತ್ತದೆ. ಇವತ್ತು ಸಂಜೆ ಆರು ಗಂಟೆಗೆ ಅವುಗಳಲ್ಲಿ ಎಷ್ಟು ಕರೆಂಟು ಕೊಡುತ್ತವೆ ಎಂದು ಹೇಳುವುದಿಲ್ಲ.

ಗಂಟೆ ಎಣಿಸುವ ದೇಶಗಳಿವೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ‘ನೆವಿ’ ಯೋಜನೆಯ ಹಣ ಪಡೆದ ಪ್ರತಿ ಪೋರ್ಟ್ ವರ್ಷದ ಲೆಕ್ಕದಲ್ಲಿ ಶೇ 97ಕ್ಕಿಂತ ಹೆಚ್ಚು ಸಮಯ ಕೆಲಸ ಮಾಡಬೇಕು ಎಂಬ ನಿಯಮ 2023ರಲ್ಲಿ ಬಂತು. ಅಂದರೆ ಸುಮಾರು ಹನ್ನೊಂದು ದಿನ ಕೆಟ್ಟಿರಲು ಅವಕಾಶ. ಬ್ರಿಟನ್ ಇನ್ನೂ ಬಿಗಿ: 50 ಕಿಲೋವ್ಯಾಟ್ ಮತ್ತು ಅದಕ್ಕಿಂತ ಮೇಲಿನ ಚಾರ್ಜರ್‌ಗಳ ಜಾಲ ಒಟ್ಟಾರೆ ಶೇ 99ರಷ್ಟು ಸಮಯ ನಡೆಯಬೇಕು, 24 ಗಂಟೆಯ ಸಹಾಯವಾಣಿ ಇರಬೇಕು, ತಪ್ಪಿದರೆ ಚಾರ್ಜರ್ ಒಂದಕ್ಕೆ 10,000 ಪೌಂಡ್‌ವರೆಗೆ ದಂಡ. ಇದು 2024ರ ನವೆಂಬರ್ 24ರಿಂದ ಜಾರಿಯಲ್ಲಿದೆ.

‘ಆ್ಯಪ್‌ನಲ್ಲಿ ಹಸಿರು ಇದೆ, ಅಂದರೆ ಸರಿ ಇದೆ’

ಹಸಿರು ಬಣ್ಣವನ್ನು ನಂಬಿ ಹೋಗಿ ಕೈಸುಟ್ಟುಕೊಂಡವರೇ ಹೆಚ್ಚು. ಚಾರ್ಜರ್ ಒಳಗಿನ ಸಿಮ್ ಕಾರ್ಡಿನ ಮೂಲಕ ಯಂತ್ರ ತನ್ನ ಸರ್ವರಿಗೆ ಆಗಾಗ ‘ಇದ್ದೇನೆ’ ಎಂದು ಸಂದೇಶ ಕಳಿಸುತ್ತಿರುತ್ತದೆ. ಆ್ಯಪ್ ತೋರಿಸುವುದು ಬಹುಮಟ್ಟಿಗೆ ಆ ಸಂದೇಶವನ್ನು. ಯಂತ್ರ ‘ಇದ್ದೇನೆ’ ಎಂದಾಗಲೂ ಗನ್ನಿನ ಪಿನ್ ಬಾಗಿರಬಹುದು, ಟಚ್ ಸ್ಕ್ರೀನ್ ಸತ್ತಿರಬಹುದು, ಪೆಟ್ರೋಲ್ ಕಾರೊಂದು ಅಡ್ಡ ನಿಂತಿರಬಹುದು. ಅರ್ಥಿಂಗ್ ಸರಿಯಿಲ್ಲದ ಜಾಗದಲ್ಲಿ ಕಾರೇ ಚಾರ್ಜ್ ತೆಗೆದುಕೊಳ್ಳಲು ಒಪ್ಪುವುದಿಲ್ಲ. ಕೆಲವೊಮ್ಮೆ ಯಾರೋ ತುರ್ತು ನಿಲುಗಡೆಯ ಕೆಂಪು ಗುಂಡಿ ಒತ್ತಿ ಹೋಗಿರುತ್ತಾರೆ. ಅದನ್ನು ತಿರುಗಿಸಿ ಮೇಲೆತ್ತುವ ತನಕ ಯಂತ್ರ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಬೇರೆ ಸಾಹಸಕ್ಕೆ ಕೈ ಹಾಕುವ ಮೊದಲು ಆ ಗುಂಡಿಯನ್ನೊಮ್ಮೆ ನೋಡುವುದು ಲೇಸು.

ಕಂಪನಿಗಳ ಲೆಕ್ಕಕ್ಕೂ ನೆಲದ ಮೇಲಿನ ಸ್ಥಿತಿಗೂ ಎಷ್ಟು ಅಂತರ ಇರಬಹುದು ಎಂಬುದಕ್ಕೆ 2022ರಲ್ಲಿ ಬಂದ ಒಂದು ಅಧ್ಯಯನ ಕಣ್ಣು ತೆರೆಸುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಲಿನ 181 ಕೇಂದ್ರಗಳ 657 ಫಾಸ್ಟ್ ಚಾರ್ಜರ್‌ಗಳನ್ನು ಬರ್ಕ್ಲಿಯ ಸಂಶೋಧಕರ ತಂಡ ಖುದ್ದಾಗಿ ಪರೀಕ್ಷಿಸಿತು. ಎರಡು ನಿಮಿಷ ಚಾರ್ಜ್ ಆದರೆ ಪಾಸು. ಪಾಸಾದದ್ದು ಶೇ 72.5. ಇನ್ನು ಶೇ 4.9 ಕಡೆ ಕೇಬಲ್ಲೇ ಕಾರಿನವರೆಗೆ ಎಟುಕಲಿಲ್ಲ. ಕಂಪನಿಗಳು ಹೇಳಿಕೊಳ್ಳುತ್ತಿದ್ದದ್ದು ಶೇ 95ರಿಂದ 98. ‘ಅಪ್‌ಟೈಮ್’ ಎಂದರೇನು, ಅಳೆಯುವವರು ಯಾರು ಎಂಬುದನ್ನು ನಿಯಮದಲ್ಲೇ ಬರೆಯದಿದ್ದರೆ ಶೇ 97 ಕೂಡ ಬರೀ ಕಾಗದದ ಅಂಕಿ.

ನಮ್ಮಲ್ಲಿ ಇನ್ನೊಂದು ಬಗೆಯ ಹಸಿರು ಮೋಸವಿದೆ. 2018ರ ಮಾರ್ಗಸೂಚಿ ಒಂದು ಕೇಂದ್ರದಲ್ಲಿ ಐದು ಬಗೆಯ ಚಾರ್ಜರ್ ಇರಬೇಕು ಎಂದಿತ್ತು. ಅದರಲ್ಲಿದ್ದ ಜಪಾನಿನ ಚಾಡೆಮೊ ಗನ್ನಿಗೆ ಹೊಂದುವ ಕಾರು ನಮ್ಮ ರಸ್ತೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. 15 ಕಿಲೋವ್ಯಾಟಿನ ಭಾರತ್ ಡಿಸಿ-001 ಚಾರ್ಜರ್ ಶುರುವಿನ ಸರ್ಕಾರಿ ಕಾರುಗಳಿಗೆ ಸರಿಹೋಗುತ್ತಿತ್ತು. ಇವತ್ತಿನ ಖಾಸಗಿ ಕಾರುಗಳು ಕೇಳುವುದು ಸಿಸಿಎಸ್-2 ಎಂಬ ಗನ್ನು. ಯಂತ್ರ ಕೆಟ್ಟಿಲ್ಲ, ಆದರೂ ಉಪಯೋಗವಿಲ್ಲ. 2019ರಲ್ಲಿ ಈ ಕಡ್ಡಾಯ ಸಡಿಲವಾಯಿತು, ಆದರೆ ಆಗಲೇ ನಿಲ್ಲಿಸಿದ್ದ ಪೆಟ್ಟಿಗೆಗಳು ಸಡಿಲಿಕೆ ಬಂತೆಂದು ಎದ್ದು ಹೋಗುವುದಿಲ್ಲವಲ್ಲ.

‘ಮಳೆ ಬಂದರೆ ಹತ್ತಿರ ಹೋಗಬೇಡಿ’

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಿಯಮ ಕಾಗದದ ಮೇಲಾದರೂ ಗಟ್ಟಿಯಾಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2019ರಲ್ಲಿ ಸುರಕ್ಷತಾ ನಿಯಮಾವಳಿಗೆ ಚಾರ್ಜಿಂಗ್ ಕೇಂದ್ರಗಳ ಅಧ್ಯಾಯವನ್ನೇ ಸೇರಿಸಿತು. ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕು, ಎಕ್ಸ್‌ಟೆನ್ಷನ್ ವೈರು ಕೂಡದು, ಸೋರಿಕೆ ಕಂಡರೆ ಸರ್ಕ್ಯೂಟ್ ತಾನೇ ಕಡಿದುಕೊಳ್ಳಬೇಕು. ಗನ್ ಪೂರ್ತಿ ಕೂತು ಕಾರು ಮತ್ತು ಯಂತ್ರ ಮಾತಾಡಿಕೊಳ್ಳುವ ತನಕ ಫಾಸ್ಟ್ ಚಾರ್ಜರಿನಿಂದ ಕರೆಂಟು ಬರುವುದೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನಲ್ಲಿ ಎಂಟು ಜನರನ್ನು ಬಲಿ ತೆಗೆದುಕೊಂಡ ಬೆಂಕಿಯನ್ನು ಹಲವರು ಸಾರ್ವಜನಿಕ ಚಾರ್ಜರಿಗೆ ತಳುಕು ಹಾಕುತ್ತಾರೆ. ಅದು ಹತ್ತಿದ್ದು ಹೋಟೆಲ್ ಕಟ್ಟಡದ ಕೆಳಗಿದ್ದ ಇ-ಸ್ಕೂಟರ್ ಷೋರೂಮಿನಲ್ಲಿ, ಸಾರ್ವಜನಿಕ ಚಾರ್ಜಿಂಗ್ ಕೇಂದ್ರದಲ್ಲಲ್ಲ.

‘ದೂರು ಕೊಟ್ಟರೆ ಏನು ಬಂತು?’

ಚಾರ್ಜರಿನ ಮಾಲೀಕನನ್ನು ವಿದ್ಯುತ್ ಕಾನೂನಿನಿಂದ ಜಾರಿಸಿದ ‘ಸೇವೆ’ ಎಂಬ ಅದೇ ಪದ ಗ್ರಾಹಕ ಕಾನೂನಿನಲ್ಲಿ ಕೈ ಹಿಡಿಯುತ್ತದೆ. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ತನ್ನ ಚಾರ್ಜಿಂಗ್ ಕೇಂದ್ರಗಳಿಗೆ ಜಿಎಸ್‌ಟಿ ಬೀಳುತ್ತದೆಯೇ ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತ್ತು. ಕರೆಂಟಿಗೆ ಜಿಎಸ್‌ಟಿ ಇಲ್ಲ, ಆದರೆ ಇದು ಸೇವೆ, ಶೇ 18 ಕಟ್ಟಿ ಎಂದು 2023ರಲ್ಲಿ ಪ್ರಾಧಿಕಾರ ಹೇಳಿತು. ಸೇವೆಯೆಂದು ತೆರಿಗೆ ವಸೂಲಿ ಮಾಡಿದ ಮೇಲೆ ಸೇವೆಯ ಲೋಪವೆಂದು ಕೇಳುವ ಹಕ್ಕೂ ಗ್ರಾಹಕನಿಗಿದೆ.

ತೆಲಂಗಾಣ ಮನಸ್ಸು ಮಾಡಿದರೆ ಹೊಸ ಕಾಯ್ದೆಗೂ ಕಾಯಬೇಕಿಲ್ಲ. ಸರ್ಕಾರಿ ಜಾಗ ಕೊಡುವಾಗ, ಚಾರ್ಜಿಂಗ್ ಕೇಂದ್ರಗಳಿಗೆಂದೇ ಇರುವ ದರ ವರ್ಗದಲ್ಲಿ ಸಂಪರ್ಕ ಕೊಡುವಾಗ, ಚಾರ್ಜರ್ ನಡೆದ ಗಂಟೆಗಳ ಲೆಕ್ಕವನ್ನು ಪ್ರತಿ ತಿಂಗಳು ಪ್ರಕಟಿಸಬೇಕು ಎಂಬ ಒಂದು ಷರತ್ತು ಹಾಕಬಹುದು. ಬೆಂಗಳೂರೂ ಇದನ್ನೇ ಮಾಡಬಹುದು.

ಅಲ್ಲಿಯ ತನಕ ವಾಹನ ಮಾಲೀಕರಿಗೆ ಒಂದು ಮಾತು. ಗನ್ ಕೈಕೊಟ್ಟಾಗ ಯಂತ್ರದ ಮೇಲಿನ ಐಡಿ, ಪರದೆಯ ಫೋಟೊ, ದುಡ್ಡು ಕಡಿತವಾದ ಸಂದೇಶ ಇಟ್ಟುಕೊಳ್ಳಿ. ಮೊದಲು ಕಂಪನಿಗೆ ಬರೆಯಿರಿ, ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಊರಿನಲ್ಲೇ ದಾವೆ ಹೂಡಬಹುದು, ಆದ್ದರಿಂದ ಹೈದರಾಬಾದಿನ ಚಾರ್ಜರ್ ಮೇಲಿನ ದೂರನ್ನು ಬೀದರಿನವರು ಬೀದರಿನಲ್ಲೇ ಕೊಡಬಹುದು.