ಘಟ್ಟದ ಮೇಲಿನ ಬಿ.ಕಾಂ.ಗೆ ಪಾಠ ಹೇಳುವವರು ಯಾರು?

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಬೇಕೆಂದರೆ ಶಿರಸಿಯಲ್ಲಿ ನಾಲ್ಕಾರು ಕಡೆ ವಿಚಾರಿಸಬಹುದು. ಪಿಯು ವಿಜ್ಞಾನದವರಿಗೂ ದಾರಿಯಿದೆ. ಬಿ.ಕಾಂ. ಎರಡನೇ ವರ್ಷದ ಹುಡುಗಿಯೊಬ್ಬಳು ಕಾಸ್ಟ್ ಅಕೌಂಟಿಂಗ್ ತಲೆಗೆ ಹತ್ತುತ್ತಿಲ್ಲ ಎಂದರೆ ಮಾತ್ರ ಮನೆಯವರಿಗೆ ಏನು ಹೇಳಬೇಕೆಂದೇ ತೋಚುವುದಿಲ್ಲ. ಡಿಗ್ರಿಗೂ ಟ್ಯೂಷನ್ನಾ ಎಂದು ಕೇಳುತ್ತಾರೆ. ಆಕೆ ಮತ್ತೆ ಆ ಮಾತೆತ್ತುವುದಿಲ್ಲ. ಸೆಮಿಸ್ಟರ್ ಮುಗಿದಾಗ ಒಂದು ವಿಷಯ ಬಾಕಿ ಉಳಿದಿರುತ್ತದೆ.

ಈ ಮಕ್ಕಳು ದಡ್ಡರಲ್ಲ. ಶಿರಸಿಯ ಎಂಇಎಸ್ ವಾಣಿಜ್ಯ ಕಾಲೇಜು, ಸಿದ್ದಾಪುರದ ಎಂಜಿಸಿ ಕಾಲೇಜು, ಯಲ್ಲಾಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಎಲ್ಲವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರು ಇಲ್ಲಿಗೆ ಬಂದು ಇಂಗ್ಲಿಷ್ ಪುಸ್ತಕದ ಎದುರು ಕೂರುತ್ತಾರೆ. ಸಾಲದ್ದಕ್ಕೆ ಪಠ್ಯಕ್ರಮವೂ ಮೇಲಿಂದ ಮೇಲೆ ಬದಲಾಯಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. 2024-25ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಹಳೆಯ ಮೂರು ವರ್ಷದ ಪದವಿಗೆ ಮರಳಿತು. ಅಕ್ಕ ಬರೆದಿಟ್ಟ ನೋಟ್ಸು ತಂಗಿಗೆ ಪೂರ್ತಿ ಉಪಯೋಗಕ್ಕೆ ಬರದೆ ಹೋಯಿತು. ಗೈಡ್ ಕೊಳ್ಳುವಾಗಲೂ ಎಣಿಸಿ ದುಡ್ಡು ತೆಗೆಯುವ ಮನೆಗಳಲ್ಲಿ ಅದು ಸಣ್ಣ ನಷ್ಟವಲ್ಲ.

ಸರ್ಕಾರಿ ಕಾಲೇಜುಗಳದ್ದು ಇನ್ನೊಂದು ಸಂಕಟ. ಅಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಸೇವಾ ಭದ್ರತೆ ಕೇಳಿ ಅವರು 2021ರ ಡಿಸೆಂಬರ್‌ನಲ್ಲಿ, ಮತ್ತೆ 2023ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ತರಗತಿ ಬಿಟ್ಟು ಮುಷ್ಕರಕ್ಕಿಳಿದರು. ಅವರ ಬೇಡಿಕೆ ನ್ಯಾಯದ್ದೇ. ಆ ವಾರಗಳಲ್ಲಿ ತಪ್ಪಿದ ಪಾಠವನ್ನು ಬೆಂಗಳೂರಿನ ವಿದ್ಯಾರ್ಥಿ ಯಾವುದಾದರೂ ಕೋಚಿಂಗ್‌ನಲ್ಲಿ ತುಂಬಿಕೊಂಡಾನು. ಮಂಚಿಕೇರಿಯಿಂದ ಬಸ್ಸಿನಲ್ಲಿ ಬರುವವನು ಎಲ್ಲಿಗೆ ಹೋಗಬೇಕು?

ಪೇಟೆಯಲ್ಲಿ ಟ್ಯಾಲಿ ಕಲಿಸುವವರಿದ್ದಾರೆ. ಟ್ಯಾಲಿ ಬೇಕೇ ಬೇಕು. ಆದರೆ ಯಾವ ಖಾತೆಗೆ ಖರ್ಚು, ಯಾವುದಕ್ಕೆ ಜಮಾ ಎಂದು ತಿಳಿಯದವನಿಗೆ ಆ ಬುದ್ಧಿಯನ್ನು ಸಾಫ್ಟ್‌ವೇರ್ ಕೊಡುವುದಿಲ್ಲ. ಸಿಎ ಕನಸಿನವರು ಪಿಯುಸಿ ಮುಗಿದದ್ದೇ ಮಂಗಳೂರು, ಬೆಂಗಳೂರು, ಹುಬ್ಬಳ್ಳಿಯ ಹಾದಿ ಹಿಡಿಯುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ದಿನಾ ಹೋಗಿ ಬರುವ ಮಾತಲ್ಲ, ಅಲ್ಲೇ ರೂಮು ಹಿಡಿಯಬೇಕು. ಹೋಗಲಾಗದವರಿಗೆ ಇಷ್ಟು ಗೊತ್ತಿರಲಿ: ಸಿಎ ಪರೀಕ್ಷೆ ನಡೆಸುವ ಐಸಿಎಐ ಸಂಸ್ಥೆ ತಾನೇ ಆನ್‌ಲೈನಿನಲ್ಲಿ ಉಚಿತ ನೇರ ತರಗತಿಗಳನ್ನು ನಡೆಸುತ್ತದೆ. ಅಧ್ಯಯನ ಸಾಮಗ್ರಿ, ಹಳೆಯ ಪ್ರಶ್ನೆಪತ್ರಿಕೆಗಳೂ ಅದರ ಜಾಲತಾಣದಲ್ಲಿವೆ. ಬಿ.ಕಾಂ.ನಲ್ಲಿ ಶೇ 55 ಅಂಕ ಪಡೆದವರು ಫೌಂಡೇಷನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಇದು ತಿಳಿಯದೆ, ಪಿಯುಸಿ ಆದಾಗ ಹೋಗಲಾಗಲಿಲ್ಲ, ಇನ್ನೇನು ಉಳಿಯಿತು ಎಂದು ಕೈಚೆಲ್ಲುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಪರೀಕ್ಷೆ ಬರೆಯಲು ಇರುವುದು ಇಂಗ್ಲಿಷ್, ಹಿಂದಿ ಎರಡೇ ಭಾಷೆ. ಕನ್ನಡಕ್ಕೂ ಅವಕಾಶ ಬೇಕೆಂದು ನಮ್ಮ ಜನಪ್ರತಿನಿಧಿಗಳು ಗಟ್ಟಿಯಾಗಿ ಕೇಳಬೇಕು.

ಆನ್‌ಲೈನ್ ಎಂದ ಕೂಡಲೇ ನೆಟ್‌ವರ್ಕಿನ ಮಾತು ಬರುತ್ತದೆ. 2020ರ ಲಾಕ್‌ಡೌನಿನಲ್ಲಿ ಶಿರಸಿ ಕಡೆಯ ವಿದ್ಯಾರ್ಥಿಯೊಬ್ಬ ಮರವೇರಿ ಕೂತು ಪಾಠ ಕೇಳಿದ್ದು ದೇಶದೆಲ್ಲೆಡೆ ಸುದ್ದಿಯಾಗಿತ್ತು. ಈಗ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ. ಆದರೂ ಆಷಾಢದ ಮಳೆಗೆ ಕರೆಂಟು ಹೋದರೆ ಎಷ್ಟೋ ಹಳ್ಳಿಗಳಲ್ಲಿ ಫೋನೂ ಹೋದಂತೆಯೇ.

ಇನ್ನೊಂದು ಬಗೆಯ ಸಹಾಯವೂ ಮಾರಾಟಕ್ಕಿದೆ. ದುಡ್ಡು ಕೊಟ್ಟರೆ ಪ್ರಾಜೆಕ್ಟ್ ವರದಿ, ಅಸೈನ್‌ಮೆಂಟ್ ಬೈಂಡಾಗಿ ಕೈಗೆ ಬರುತ್ತದೆ. ಯಾವುದೋ ಊರಿನ ಯಾವುದೋ ಕಂಪನಿಯ ಅಂಕಿಅಂಶ, ಮುಖಪುಟದಲ್ಲಿ ಮಾತ್ರ ನಮ್ಮ ಮಗುವಿನ ಹೆಸರು. ಇದು ಆ ಮಗುವಿಗೆ ಮಾಡುವ ದ್ರೋಹ. ಮುಂದೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಬಾಯಿ ಕಟ್ಟುವುದು ಅವನದೇ ಹೊರತು ಮಾರಿದವನದಲ್ಲ.

ಹೀಗೆ ಎಲ್ಲೆಲ್ಲೋ ಹುಡುಕುವ ನಾವು ಕಣ್ಣೆದುರಿನ ಪಾಠಶಾಲೆಯನ್ನು ಸರಿಯಾಗಿ ಬಳಸಿಕೊಂಡಿಲ್ಲ. ಎಲ್ಲರೂ ಟಿಎಸ್‌ಎಸ್ ಎನ್ನುವ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಾದ ಕೆಡಿಸಿಸಿ 1920ರದು, ಪ್ರಧಾನ ಕಚೇರಿ ಶಿರಸಿಯಲ್ಲೇ. ಶಿರಸಿಯಲ್ಲಷ್ಟೇ ಅಲ್ಲ, ಸಿದ್ದಾಪುರ, ಯಲ್ಲಾಪುರದಲ್ಲೂ ಅಡಿಕೆ ಟೆಂಡರ್ ನಡೆಯುತ್ತದೆ. ಒಳಹಳ್ಳಿಗಳಲ್ಲಿ ಸೇವಾ ಸಹಕಾರಿ ಸಂಘಗಳಿವೆ. ವಾಣಿಜ್ಯ ಓದುವವರಿಗೆ ಇದಕ್ಕಿಂತ ದೊಡ್ಡ ಪ್ರಯೋಗಾಲಯ ಬೇಕೇ?

ಟೆಂಡರ್ ದಿನ ಯಾರ್ಡಿಗೆ ಹೋಗಿ ನಿಲ್ಲಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೇಗೋಟು, ಕೋಕಾ ಹೀಗೆ ಅಡಿಕೆಯ ಬಗೆಗಳು. ಯಲ್ಲಾಪುರವಾದರೆ ಅಪಿಯೂ ಸೇರುತ್ತದೆ. ವ್ಯಾಪಾರಸ್ಥರು ಲಾಟಿನಿಂದ ಲಾಟಿಗೆ ನಡೆದು, ಅಡಿಕೆ ಕೈಯಲ್ಲಿ ಹಿಡಿದು ನೋಡಿ ದರ ನಮೂದಿಸುತ್ತಾರೆ. ಆಮೇಲೆ ಬೆಳೆಗಾರನಿಗೆ ಪಟ್ಟಿ ಬರುತ್ತದೆ: ತೂಕ, ದರ ನಮೂದಾಗಿ, ಹಮಾಲಿಯಂಥ ಖರ್ಚು ಕಳೆದು ಉಳಿದದ್ದು ಸಂಘದಲ್ಲಿರುವ ಅವನ ಆಸಾಮಿ ಖಾತೆಗೆ ಜಮಾ. ದರ ಸಾಲದೆನಿಸಿದರೆ ಮಾರದೆ ಗೋದಾಮಿನಲ್ಲೇ ಇಟ್ಟು, ಅದರ ಮೇಲೆ ಸಾಲ ಎತ್ತುವವರೂ ಇದ್ದಾರೆ. ಈಗ ಒಂದು ಪ್ರಶ್ನೆ ಕೇಳಿ. ಮಾರ್ಚ್ 31ರಂದು ಗೋದಾಮಿನಲ್ಲಿ ಉಳಿದ ಆ ಚೀಲಗಳು ಸಂಘದ ದಾಸ್ತಾನಿಗೆ ಸೇರುತ್ತವೆಯೇ? ಸೇರುವುದಿಲ್ಲ. ಸಂಘ ಬೆಳೆಗಾರನ ಪರವಾಗಿ ಮಾರಿಕೊಡುವ ಏಜೆಂಟು. ಮಾರಾಟವಾಗುವ ತನಕ ಅಡಿಕೆ ಬೆಳೆಗಾರನದೇ. ಕೊಟ್ಟ ಸಾಲ ಮಾತ್ರ ಸಂಘದ ಆಸ್ತಿ. ಅದೇ ಸಂಘದ ಸೂಪರ್ ಮಾರ್ಕೆಟಿನಲ್ಲಿರುವ ಅಕ್ಕಿ, ಬೇಳೆ ಸಂಘವೇ ಕೊಂಡದ್ದು, ಅದು ದಾಸ್ತಾನು. ಪುಸ್ತಕದಲ್ಲಿ ಮುಂಬೈಯ ‘ಎ’ ಕೋಲ್ಕತ್ತದ ‘ಬಿ’ಗೆ ಸರಕು ಕಳಿಸುವ ಲೆಕ್ಕವಾಗಿ ಬರುವ ಕನ್‌ಸೈನ್‌ಮೆಂಟ್ ಅಧ್ಯಾಯ ಇಷ್ಟೇ. ಬೆಳೆಗಾರನ ಮನೆಯ ಹುಡುಗನಿಗೆ ಇದನ್ನು ಅಪ್ಪನ ಪಟ್ಟಿ ಹಿಡಿದು ಹೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಜಿಎಸ್‌ಟಿಯೂ ಅಲ್ಲೇ ಇದೆ. ಒಣ ಅಡಿಕೆಗೆ ಶೇ 5 ತೆರಿಗೆ. ತಾನು ಬೆಳೆದದ್ದನ್ನಷ್ಟೇ ಮಾರುವ ರೈತ ನೋಂದಣಿ ಮಾಡಿಸಬೇಕಿಲ್ಲ. ಹಾಗಾದರೆ ಆ ತೆರಿಗೆ ಯಾವ ಬಿಲ್ಲಿನಲ್ಲಿ, ಯಾರ ಹೆಸರಲ್ಲಿ ಹುಟ್ಟುತ್ತದೆ? ಹುಡುಗರೇ ಕಚೇರಿಗೆ ಹೋಗಿ ಕೇಳಿ ಬರಲಿ. ಮಾರ್ಕೆಟಿಂಗ್ ಓದುವವರಿಗೆ 2019ರಲ್ಲಿ ‘ಶಿರಸಿ ಸುಪಾರಿ’ಗೆ ಟಿಎಸ್‌ಎಸ್ ಪಡೆದ ಭೌಗೋಳಿಕ ಸೂಚಕ ಮಾನ್ಯತೆಯ ಕಥೆ ಒಂದೇ ಸಾಕು, ಪೂರ್ತಿ ಸೆಮಿಸ್ಟರಿನ ಚರ್ಚೆಗೆ.

ಯಾರು ಹೇಳಿಕೊಡಬೇಕು ಎಂಬುದಕ್ಕೆ ಅಮೆರಿಕದಲ್ಲೊಂದು ಉತ್ತರ ಸಿಕ್ಕಿತ್ತು. 1973ರಲ್ಲಿ ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಒಂದು ಪದ್ಧತಿ ಶುರು ಮಾಡಿದರು. ಹಿಂದುಳಿದ ವಿದ್ಯಾರ್ಥಿಗಳನ್ನು ಹುಡುಕುವ ಬದಲು, ಹೆಚ್ಚು ಮಂದಿ ಮುಗ್ಗರಿಸುವ ವಿಷಯಗಳನ್ನು ಗುರುತಿಸಿದರು. ಆ ವಿಷಯವನ್ನು ಚೆನ್ನಾಗಿ ಪಾಸು ಮಾಡಿದ ಹಿರಿಯ ವಿದ್ಯಾರ್ಥಿ ಮತ್ತೆ ಅದೇ ತರಗತಿಯಲ್ಲಿ ಕೂತು ಕೇಳಿ, ಆಮೇಲೆ ಕಿರಿಯರನ್ನು ಸೇರಿಸಿಕೊಂಡು ಲೆಕ್ಕ ಬಿಡಿಸುತ್ತಾನೆ. ಇಷ್ಟವಿದ್ದವರೆಲ್ಲ ಬರಬಹುದಾದ್ದರಿಂದ ಯಾರಿಗೂ ದಡ್ಡರೆಂಬ ಹಣೆಪಟ್ಟಿ ಅಂಟುವುದಿಲ್ಲ. ಇದನ್ನು ನಮ್ಮಲ್ಲಿ ನಡೆಸಲು ಬೇಕಾಗುವುದು ಒಂದು ಕೋಣೆ, ಒಂದು ಬೋರ್ಡು, ಹೇಳಿಕೊಡುವ ಹಿರಿಯನಿಗೆ ಕೈಖರ್ಚಿಗಾಗುವಷ್ಟು ಗೌರವಧನ. ಶತಮಾನ ಕಂಡ ಸಹಕಾರಿ ಸಂಸ್ಥೆಗಳಿಗೆ ಅದು ಭಾರವಾಗಲಾರದು. ಹೊತ್ತನ್ನು ಮಾತ್ರ ಕಾಲೇಜಿನ ಅನುಕೂಲಕ್ಕಲ್ಲ, ಬಸ್ಸಿನ ಅನುಕೂಲಕ್ಕೆ ಹೊಂದಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ. ಸಂಜೆ ಊರಿನ ಕೊನೆಯ ಬಸ್ಸು ತಪ್ಪುವ ಚಿಂತೆ ತಪ್ಪಿಲ್ಲ.

ಕಾಲೇಜು, ಸಂಘ ಯಾರೂ ಕೈಜೋಡಿಸದಿದ್ದರೂ ವಿದ್ಯಾರ್ಥಿಯೊಬ್ಬ ತಾನಾಗಿ ಮಾಡಬಹುದಾದದ್ದಿದೆ. ಸೆಪ್ಟೆಂಬರ್ ಹೊತ್ತಿಗೆ, ಸರ್ವಸಾಧಾರಣ ಸಭೆಗೆ ಮುಂಚೆ, ಸಂಘದ ವಾರ್ಷಿಕ ವರದಿ ಸದಸ್ಯರ ಮನೆಗೆ ಬರುತ್ತದೆ. ಅದರಲ್ಲಿ ಜಮಾಖರ್ಚು, ಲಾಭನಷ್ಟ, ಅಢಾವೆ ಪತ್ರಿಕೆ ಎಲ್ಲವೂ ಕನ್ನಡದಲ್ಲೇ ಇರುತ್ತವೆ. ಮೂರು ವರ್ಷದ ವರದಿಗಳನ್ನು ಪಕ್ಕಪಕ್ಕ ಇಟ್ಟು ಠೇವಣಿ ಎಷ್ಟು ಏರಿದೆ, ಸಾಲ ವಸೂಲಿ ಎಲ್ಲಿಗೆ ಬಂದಿದೆ, ಲಾಭ ಯಾವ ನಿಧಿಗೆ ಹೋಗಿದೆ ಎಂದು ಬಿಡಿಸಿದರೆ ಅದೇ ನಿಜವಾದ ಪ್ರಾಜೆಕ್ಟ್. ಅರ್ಥವಾಗದ ಕಡೆ ಗೆರೆ ಎಳೆದು ಸಂಘದ ಕಾರ್ಯದರ್ಶಿಯನ್ನು ಕೇಳಬಹುದು. ಇದೇ ಕಾಲೇಜುಗಳಲ್ಲಿ ಬಿ.ಕಾಂ. ಓದಿ ಆ ಕುರ್ಚಿಗೆ ಬಂದವರೂ ಅವರಲ್ಲಿದ್ದಾರೆ.